75 ವಾಟ್‌ನ ಗೆರೆ: ಆಫೀಸ್ ಡಬ್ಬ ಕೊಂಡು ಗೇಮಿಂಗ್ ಪಿಸಿ ಮಾಡೋ ಮುನ್ನ

ಪಿಯುಸಿ ರಿಸಲ್ಟ್ ಬಂದು ಸಿಇಟಿ ಸೀಟು ಗಟ್ಟಿಯಾಗೋ ಹೊತ್ತಿಗೆ ಮೈಸೂರು, ಮಂಡ್ಯದ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದು ಮಾತುಕತೆ ತಪ್ಪದೆ ನಡೆಯುತ್ತೆ.

"ಅಣ್ಣಾ, ಇದ್ರಲ್ಲಿ ಜಿಟಿಎ ಓಡುತ್ತಾ?"

"ಎಲ್ಲಾ ಓಡುತ್ತೆ ಗುರು. ಐ7, 16 ಜಿಬಿ ರ‍್ಯಾಮು. ಇನ್ನೇನ್ ಬೇಕು?"

ಇನ್ನೂ ಎರಡು ವಿಷಯ ಬೇಕು. ಆ ಐ7 ಯಾವ ಕಾಲದ್ದು ಅನ್ನೋದು ಒಂದು, ಒಳಗಿರೋ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನ ಕಂಪ್ಯೂಟರಿಗೆ ಹೊಂದೋ ಹಾಗೆ ಬದಲಿಸಿಕೊಡೋ ಪೆಟ್ಟಿಗೆ) ಎಷ್ಟು ವಾಟಿನದು ಅನ್ನೋದು ಇನ್ನೊಂದು. ಮೊದಲನೆಯದನ್ನು ಕೇಳೋರು ಅಲ್ಲೊಬ್ಬ ಇಲ್ಲೊಬ್ಬ ಸಿಗ್ತಾರೆ. ಎರಡನೆಯದನ್ನು ಕೇಳೋರು ತೀರಾ ವಿರಳ. ಆದರೆ ರೆಡಿಮೇಡ್ ಕಂಪ್ಯೂಟರ್ ತಗೊಂಡು ಆಮೇಲೆ ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಮೂಡಿಸೋ ಬಿಡಿ ಭಾಗ) ಹಾಕ್ಕೊಳ್ಳೋಣ ಅನ್ನೋ ಲೆಕ್ಕಾಚಾರ ಉಳಿಯೋದೂ ಕೆಡೋದೂ ಆ ಎರಡನೇ ಪ್ರಶ್ನೆಯಲ್ಲಿ.

ಇಲ್ಲಿ ಮಾತಾಡ್ತಿರೋದು ಮುಖ್ಯವಾಗಿ ರೀಫರ್ಬಿಷ್ಡ್, ಅಂದ್ರೆ ಬಳಸಿದ್ದನ್ನ ಸರಿಮಾಡಿ ಮತ್ತೆ ಮಾರೋ, ಆಫೀಸ್ ಕಂಪ್ಯೂಟರ್ ಬಗ್ಗೆ. ಕಂಪನಿಗಳು ಲೀಸ್ ಮುಗಿದ ಮೇಲೆ ಲಾಟ್‌ಗಟ್ಟಲೆ ಹೊರಗೆ ಹಾಕೋ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಇವೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇವು ರಾಶಿ ಬಿದ್ದಿರುತ್ತವೆ, ಅಲ್ಲಿಂದ ನಮ್ಮ ಕಡೆಯ ಅಂಗಡಿಗಳಿಗೂ ಬರುತ್ತವೆ. ಗಟ್ಟಿ ಕಬ್ಬಿಣದ ಕ್ಯಾಬಿನೆಟ್, ಒಳ್ಳೆ ಬೋರ್ಡು, ಲೇಬಲ್ಲಿನಲ್ಲಿ ಬರೆದಷ್ಟು ಕರೆಂಟು ನಿಜಕ್ಕೂ ಕೊಡೋ ಎಸ್‌ಎಂಪಿಎಸ್ಸು. ವಸ್ತುವಾಗಿ ನೋಡಿದರೆ ಇವು ಒಳ್ಳೆಯವೇ. ಆದರೆ ಇವನ್ನು ಮಾಡಿರೋದು ಎಕ್ಸೆಲ್ ಓಡಿಸೋಕೆ. ಮುಂದೆ ಯಾರೋ ಇದರೊಳಗೆ ದೊಡ್ಡ ಕಾರ್ಡ್ ಕೂರಿಸ್ತಾರೆ ಅಂತ ಮಾಡಿದೋರು ಯೋಚಿಸಿರೋದಿಲ್ಲ.

ಪ್ರೊಸೆಸರ್ ವಿಷಯ ಬೇಗ ಮುಗಿಸಿಬಿಡೋಣ. ಐ5, ಐ7 ಅನ್ನೋದಕ್ಕಿಂತ ಅದರ ಪಕ್ಕದ ಸಂಖ್ಯೆ ನೋಡಿ, ನಾಲ್ಕಂಕಿಯದಾದ್ರೆ ಮೊದಲ ಅಂಕಿಯೇ ಅದರ ತಲೆಮಾರು. ಐ7-2600 ಬಂದದ್ದು 2011ರಲ್ಲಿ, ಐ7-3770 ಬಂದದ್ದು 2012ರಲ್ಲಿ. ಈ ಎರಡು ತಲೆಮಾರಿನಲ್ಲಿ ಎವಿಎಕ್ಸ್2 ಅನ್ನೋ ಸೂಚನಾಗುಚ್ಛ (ಪ್ರೊಸೆಸರಿಗೆ ಅರ್ಥವಾಗೋ ಆದೇಶಗಳ ಗುಂಪು) ಇಲ್ಲ. ಅದು ಇಂಟೆಲ್‌ನಲ್ಲಿ ಬಂದದ್ದು 2013ರ ನಾಲ್ಕನೇ ತಲೆಮಾರಿನಿಂದ. ಅದನ್ನೇ ನೆಚ್ಚಿ ಬರೆದಿರೋ ಗೇಮ್‌ಗಳು ಈ ಹಳೇ ಐ7ಗಳಲ್ಲಿ ನಿಧಾನ ಆಗೋದಲ್ಲ, ತೆರೆಯೋದೇ ಇಲ್ಲ. ಇನ್ನು ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು ಇರಬೇಕು. ತಂತ್ರ ಮಾಡಿ ಹಳೇ ಮಶೀನಿಗೂ ವಿಂಡೋಸ್ 11 ಹಾಕಿಕೊಡೋರಿದ್ದಾರೆ. ಆದರೆ ವ್ಯಾಲೊರಂಟ್‌ನಂಥ ಗೇಮು ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ (ಆನ್ ಆಗೋವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಬಿಡೋ ಕಾವಲು) ಎರಡನ್ನೂ ಕೇಳುತ್ತೆ, ಇಲ್ಲದಿದ್ರೆ ಬಾಗಿಲಲ್ಲೇ ನಿಲ್ಲಿಸುತ್ತೆ. ಹಾಗಾಗಿ ಎಂಟನೇ ತಲೆಮಾರಿಗಿಂತ ಹಿಂದಿನದನ್ನು ಗೇಮಿಂಗ್‌ಗೆ ಅಂತ ಕೊಳ್ಳೋದನ್ನ ಬಿಟ್ಟುಬಿಡಿ. ಐ5-8500ರಲ್ಲಿ ಆರು ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡೋ ಭಾಗ) ಇವೆ, ಐ7-8700ರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಆ ಹಳೇ ನಾಲ್ಕು ಕೋರಿನ ಐ7ಗಳನ್ನ ಈ ಐ5 ಸಲೀಸಾಗಿ ಹಿಂದೆ ಹಾಕುತ್ತೆ.

ಈಗ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಕೂರೋ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ನಿಯಮದ ಪ್ರಕಾರ ಗರಿಷ್ಠ 75 ವಾಟ್ ಕೊಡುತ್ತೆ. ಅದರಲ್ಲೂ 12 ವೋಲ್ಟಿನ ಪಾಲು 66 ವಾಟ್, ಉಳಿದದ್ದು 3.3 ವೋಲ್ಟಿನದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ 6 ಪಿನ್ ಅಥವಾ 8 ಪಿನ್ ವೈರು ನೇರವಾಗಿ ಬರಬೇಕು. ಆಫೀಸ್ ಡಬ್ಬಗಳಲ್ಲಿ ಸಾಮಾನ್ಯವಾಗಿ ಆ ವೈರೇ ಇರಲ್ಲ. ಡೆಲ್ ಆಪ್ಟಿಪ್ಲೆಕ್ಸ್ 7060 ಟವರಿನಲ್ಲಿ (ನೆಟ್ಟಗೆ ನಿಲ್ಲೋ ದೊಡ್ಡ ಕ್ಯಾಬಿನೆಟ್) ಬರೋದು 260 ವಾಟ್, ಅದೇ ಮಾದರಿಯ ಸಣ್ಣ ಕ್ಯಾಬಿನೆಟ್‌ನಲ್ಲಿ 200 ವಾಟ್. ಅದರ ಹಿಂದಿನ 7050ರಲ್ಲಿ 240 ಮತ್ತು 180.

ಸರಿ, ಎಸ್‌ಎಂಪಿಎಸ್ ಬದಲಾಯಿಸಿದರಾಯ್ತಲ್ಲ ಅಂತೀರಿ. ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನ ಬೋರ್ಡಿಗೆ 24 ಪಿನ್ನಿನ ದಪ್ಪ ಕನೆಕ್ಟರ್ ಹೋಗುತ್ತೆ, ಅಂಗಡಿಯಲ್ಲಿ ಸಿಗೋ ಯಾವ ಎಟಿಎಕ್ಸ್ (ಎಲ್ಲೆಡೆ ಬಳಸೋ ಸಾಮಾನ್ಯ ಅಳತೆ) ಎಸ್‌ಎಂಪಿಎಸ್ ಆದರೂ ಹೊಂದುತ್ತೆ. ಈ ಡೆಲ್‌ಗಳ ಬೋರ್ಡಿನಲ್ಲಿ ಇರೋದು ಡೆಲ್‌ನದೇ 6 ಪಿನ್ (ಕಾರ್ಡಿಗೆ ಹೋಗೋ 6 ಪಿನ್ ಅಲ್ಲ), ಇನ್ನೂ ಹಳೆಯ 9020ರಲ್ಲಿ 8 ಪಿನ್. ಎಚ್‌ಪಿ, ಲೆನೊವೊಗಳದ್ದು ಅವರವರದೇ ಕನೆಕ್ಟರ್. 24 ಪಿನ್ನಿನಿಂದ ಇದಕ್ಕೆ ಬದಲಿಸೋ ಅಡಾಪ್ಟರ್ ವೈರು ಆನ್‌ಲೈನಲ್ಲಿ ಸಿಗುತ್ತೆ, ಮಾದರಿ ನೋಡಿ ಸರಿಯಾದದ್ದನ್ನೇ ತರಿಸಿದರೆ ಕೆಲಸವೂ ಮಾಡುತ್ತೆ. ಆಮೇಲೆ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್ ಆ ಕ್ಯಾಬಿನೆಟ್ಟಿನ ಗೂಡಿಗೆ ಹಿಡಿಸಬೇಕು, ಸ್ಕ್ರೂ ತೂತು ಕೂಡಬೇಕು. ಬೋರ್ಡನ್ನೇ ತೆಗೆದು ಬೇರೆ ಕ್ಯಾಬಿನೆಟ್ಟಿಗೆ ಹಾಕೋಣ ಅಂದ್ರೆ ಬೋರ್ಡಿನ ಅಳತೆ ಬೇರೆ, ಪವರ್ ಬಟನ್ನಿನ ಕನೆಕ್ಟರ್ ಬೇರೆ. ಮುಂದಿನ ಫ್ಯಾನು ಕಾಣಲಿಲ್ಲ ಅಂದ್ರೆ ಪ್ರತಿಸಲ ಆನ್ ಮಾಡಿದಾಗಲೂ ಎಫ್1 ಒತ್ತು ಅಂತ ಕೂರುತ್ತೆ. ಹೊಸ ಎಸ್‌ಎಂಪಿಎಸ್, ಅಡಾಪ್ಟರ್, ಕ್ಯಾಬಿನೆಟ್ ಇಷ್ಟಕ್ಕೂ ದುಡ್ಡು ಸುರಿದ ಮೇಲೆ ಅಗ್ಗದ ಡಬ್ಬ ಅನ್ನೋ ಮಾತಿಗೆ ಅರ್ಥ ಇರಲ್ಲ.

ಇನ್ನೊಂದು ಅಡ್ಡದಾರಿ ಇದೆ, ಅದರ ಬಗ್ಗೆ ಗಟ್ಟಿಯಾಗೇ ಹೇಳಬೇಕು. ಹಾರ್ಡ್‌ಡಿಸ್ಕಿಗೆ ಹೋಗೋ ಸಾಟಾ ಪವರ್ ವೈರಿನಿಂದ 6 ಪಿನ್ ಮಾಡಿಕೊಡೋ ಚಿಕ್ಕ ಅಡಾಪ್ಟರು. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 4.5 ಆಂಪಿಯರ್, ಅಂದ್ರೆ 54 ವಾಟ್. 6 ಪಿನ್ನಿನ ಹಕ್ಕು 75 ವಾಟ್. ಈ ಡೆಲ್‌ಗಳಲ್ಲಿ ಸಾಟಾ ಪವರ್ ಬರೋದೂ ಎಸ್‌ಎಂಪಿಎಸ್‌ನಿಂದ ಅಲ್ಲ, ಮದರ್‌ಬೋರ್ಡಿನ ಮೂಲಕ. ಹಾಗಾಗಿ ಕನೆಕ್ಟರ್ ಕರಗೋದರ ಜೊತೆಗೆ ಬೋರ್ಡಿನೊಳಗೆ ಕರೆಂಟು ಹರಿಯೋ ತಾಮ್ರದ ಗೆರೆಗಳೂ ಬಿಸಿಯಾಗ್ತವೆ. ಮೊದಲು ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತೆ, ಆಮೇಲೆ ಗೇಮ್ ಮಧ್ಯೆ ಪರದೆ ಕಪ್ಪಾಗುತ್ತೆ. ಬೇಡವೇ ಬೇಡ.

ಅಂದ್ರೆ ಆಫೀಸ್ ಡಬ್ಬ ತಗೊಳ್ಳೋನು 75 ವಾಟ್‌ನ ಗೆರೆಯೊಳಗೆ ಬಾಳೋಕೆ ಒಪ್ಪಿಕೊಂಡೇ ತಗೋಬೇಕು. ಆ ಗೆರೆಯೊಳಗೆ ಏನಿದೆ ನೋಡೋಣ. 2016ರ ಜಿಟಿಎಕ್ಸ್ 1050 ಟಿಐ ಈಗ ಬೇಡ. ಎನ್‌ವಿಡಿಯಾ ಆ ತಲೆಮಾರಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡೋದನ್ನ 2025ರ ಅಕ್ಟೋಬರಿಗೆ ನಿಲ್ಲಿಸಿದೆ, ಇನ್ನು ಬರೋದು ಭದ್ರತಾ ಅಪ್‌ಡೇಟ್ ಮಾತ್ರ. 2019ರ ಜಿಟಿಎಕ್ಸ್ 1650 ಸೆಕೆಂಡ್ಸ್‌ನಲ್ಲಿ ಧಾರಾಳ ಸಿಗುತ್ತೆ, 75 ವಾಟ್, 4 ಜಿಬಿ. ಆದರೆ ಕೆಲವು ಕಂಪನಿಗಳು ಅದಕ್ಕೂ 6 ಪಿನ್ ಕೊಟ್ಟಿರೋದರಿಂದ ಕಾರ್ಡಿನ ಮೇಲಂಚನ್ನ ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಎಎಂಡಿಯ ಆರ್‌ಎಕ್ಸ್ 6400 ಬರೀ 53 ವಾಟ್ ಕುಡಿಯುತ್ತೆ. ಅದರ ತೊಂದರೆ ಬೇರೆ ಥರದ್ದು. ಅದಕ್ಕೆ ಇರೋದು ನಾಲ್ಕೇ ಲೇನ್ (ಡೇಟಾ ಓಡಾಡೋ ದಾರಿ), ಪಿಸಿಐ ಎಕ್ಸ್‌ಪ್ರೆಸ್ 4.0 ಲೆಕ್ಕದಲ್ಲಿ. ಎಂಟನೇ ತಲೆಮಾರಿನ ಬೋರ್ಡಿನಲ್ಲಿ ಇರೋದು 3.0, ಹಾಗಾಗಿ ದಾರಿ ಅರ್ಧಕ್ಕೆ ಇಳಿಯುತ್ತೆ. 4 ಜಿಬಿ ತುಂಬಿ ರ‍್ಯಾಮಿಗೆ ಕೈಚಾಚೋ ಗೇಮ್‌ಗಳಲ್ಲಿ ಅದು ತಡವರಿಸೋದು ಎದ್ದು ಕಾಣುತ್ತೆ. ವಿಡಿಯೊ ರೆಕಾರ್ಡ್ ಮಾಡೋ ಎನ್‌ಕೋಡರ್ ಕೂಡ ಅದರಲ್ಲಿಲ್ಲ, ಯೂಟ್ಯೂಬ್ ಕನಸಿದ್ದವರು ಗಮನಿಸಿ. ಇಂಟೆಲ್ ಆರ್ಕ್ ಕಾರ್ಡ್‌ಗಳು ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಮುಟ್ಟೋ ಸೌಲಭ್ಯ) ಇಲ್ಲದ ಬೋರ್ಡಿನಲ್ಲಿ ಕುಂಟುತ್ತವೆ, ಈ ವಯಸ್ಸಿನ ಆಫೀಸ್ ಬೋರ್ಡುಗಳಲ್ಲಿ ಅದನ್ನ ನಿರೀಕ್ಷಿಸಬೇಡಿ.

ಉಳಿದದ್ದು ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. 2024ರ ಫೆಬ್ರವರಿಯಲ್ಲಿ ಬಂದದ್ದು, 70 ವಾಟ್. ಇದೇ ಹೆಸರಿನ 8 ಜಿಬಿ ಕಾರ್ಡು 130 ವಾಟಿನದು, ಕೋರ್‌ಗಳೂ ಜಾಸ್ತಿ, ಮೆಮೊರಿ ದಾರಿಯೂ ಅಗಲ, ಅದಕ್ಕೆ ವೈರು ಬೇಕೇ ಬೇಕು. ಹೆಸರು ಒಂದೇ ಅಂತ ಯಾಮಾರಬೇಡಿ. 1650ಕ್ಕೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ರೇ ಟ್ರೇಸಿಂಗ್ (ಬೆಳಕು-ನೆರಳಿನ ಲೆಕ್ಕ ಹಾಕೋ) ಹಾರ್ಡ್‌ವೇರ್. ನೆರಳು ಚೆಂದ ಕಾಣ್ಲಿ ಅಂತ ಈ ಮಾತು ಹೇಳ್ತಿಲ್ಲ. 2025ರ 'ಡೂಮ್: ದ ಡಾರ್ಕ್ ಏಜಸ್' ಥರದ ಗೇಮ್‌ಗಳು ಅದಿಲ್ಲದ ಕಾರ್ಡಿನಲ್ಲಿ ಶುರುವೇ ಆಗಲ್ಲ. ನನ್ನ ಕೇಳಿದ್ರೆ ಆಫೀಸ್ ಡಬ್ಬಕ್ಕೆ ಈಗ ಹೊಸದಾಗಿ ಹಾಕಬಹುದಾದ ಕಾರ್ಡು ಇದೊಂದೇ. ಲೆಕ್ಕವೂ ಕೂಡುತ್ತೆ: ಐ5-8500ಕ್ಕೆ 65, ಜೋರು ಹಿಡಿದಾಗ ಇನ್ನೊಂದಿಷ್ಟು, ಬೋರ್ಡು-ಡಿಸ್ಕು-ಫ್ಯಾನಿಗೆ ಸುಮಾರು 30, ಕಾರ್ಡಿಗೆ 70. ಎಲ್ಲಾ ಸೇರಿ 190ರ ಆಸುಪಾಸು. 260 ವಾಟಿನ ಟವರು ನಿರಾಳವಾಗಿ ಉಸಿರಾಡುತ್ತೆ. 200 ವಾಟಿನ ಸಣ್ಣ ಡಬ್ಬ ಏದುಸಿರು ಬಿಡುತ್ತೆ.

ಸಣ್ಣ ಡಬ್ಬದ ಮಾತು ಬಂತಲ್ಲ, ಅದನ್ನ ಎಸ್‌ಎಫ್‌ಎಫ್ ಅಂತಾರೆ. ಟವರಿಗಿಂತ ಅಗ್ಗ, ಮಾರ್ಕೆಟ್ಟಿನಲ್ಲಿ ಜಾಸ್ತಿ ಸಿಗೋದೂ ಅದೇ. ಅದಕ್ಕೆ ಅರ್ಧ ಎತ್ತರದ ಕಾರ್ಡೇ ಬೇಕು, ಜೊತೆಗೆ ಗಿಡ್ಡ ಬ್ರಾಕೆಟ್ ಬೇಕು. ಸೆಕೆಂಡ್ಸ್‌ನಲ್ಲಿ ತಗೊಂಡ್ರೆ ಆ ಬ್ರಾಕೆಟ್ ಯಾವತ್ತೋ ಕಳೆದುಹೋಗಿರುತ್ತೆ. ಕೆಲವು ಮಾದರಿಗಳಲ್ಲಿ ಕಾರ್ಡಿನ ಸ್ಲಾಟು ಎಸ್‌ಎಂಪಿಎಸ್‌ಗೆ ಅಂಟಿಕೊಂಡೇ ಇರೋದರಿಂದ ಎರಡು ಸ್ಲಾಟ್ ದಪ್ಪದ ಕಾರ್ಡು ಕೂರೋದಿಲ್ಲ. ಇನ್ನೂ ಚಿಕ್ಕ, ಟಿಫನ್ ಬಾಕ್ಸ್ ಗಾತ್ರದ ಮೈಕ್ರೊ ಅಥವಾ ಟೈನಿಗಳನ್ನ ಗೇಮಿಂಗ್ ಲೆಕ್ಕದಿಂದ ಪೂರ್ತಿ ಕೈಬಿಡಿ. ಅಂಗಡಿಗೆ ಟೇಪು ತಗೊಂಡು ಹೋಗಿ, ಸ್ಲಾಟಿನಿಂದ ಮುಂದೆ ಎಷ್ಟು ಜಾಗ ಇದೆ ಅಂತ ಅಳೆಯೋಕೆ ಸಂಕೋಚ ಬೇಡ. ಟವರಿಗೆ ಸ್ವಲ್ಪ ಜಾಸ್ತಿ ಕೊಟ್ರೂ ಪರವಾಗಿಲ್ಲ.

ಅಂಗಡಿಯಲ್ಲೇ 'ಗೇಮಿಂಗ್ ಪಿಸಿ' ಅಂತ ಬಣ್ಣದ ಲೈಟು, ಗಾಜಿನ ಕ್ಯಾಬಿನೆಟ್ ಹಾಕಿ ಕೂರಿಸಿರೋ ಇನ್ನೊಂದು ಜಾತಿ ಇದೆ. ಹೊರಗೆ ಮೈಸೂರು ದಸರಾ ದೀಪಾಲಂಕಾರ, ಒಳಗೆ ಎರಡು-ಮೂರನೇ ತಲೆಮಾರಿನ ಐ7 ಮತ್ತು '4 ಜಿಬಿ ಗ್ರಾಫಿಕ್ಸ್'. ಆ 4 ಜಿಬಿ ಅನೇಕ ಸಲ 2014ರ ಜಿಟಿ 730 ಆಗಿರುತ್ತೆ. ಮೆಮೊರಿ ಎಷ್ಟಿದ್ದರೇನು, ಅದನ್ನು ಬಳಸೋ ಚಿಪ್ಪಿಗೆ ತ್ರಾಣ ಇಲ್ಲ. ಇಂಥ ಪಿಸಿಯ ಎಸ್‌ಎಂಪಿಎಸ್ ಮೇಲೆ 450 ಅಥವಾ 500 ಅಂತ ದೊಡ್ಡದಾಗಿ ಬರೆದಿರುತ್ತೆ. ಅದನ್ನ ಬಿಟ್ಟು ಕೆಳಗಿನ ಸಣ್ಣ ಕೋಷ್ಟಕ ಓದಿ. ಪ್ಲಸ್ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆಯೋ ಅದನ್ನ 12ರಿಂದ ಗುಣಿಸಿ. 14 ಆಂಪಿಯರ್ ಅಂತಿದ್ರೆ ಕಾರ್ಡಿಗೂ ಪ್ರೊಸೆಸರಿಗೂ ಸಿಗೋದು 168 ವಾಟ್ ಅಷ್ಟೆ. ಸೆಕೆಂಡ್ಸ್ ಕಾರ್ಡಿದ್ದರೆ ಜಿಪಿಯು-ಝಡ್ ಅನ್ನೋ ಪುಕ್ಕಟೆ ತಂತ್ರಾಂಶ ಓಡಿಸಿ ನೋಡಿ. ಹಳೇ ಚಿಪ್ಪಿಗೆ ಹೊಸ ಹೆಸರಿನ ಬಯೋಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತುಂಬಿ ಮಾರಿದ್ದರೆ ಬಹುತೇಕ ಅದು ಹಿಡಿದು ಹೇಳುತ್ತೆ. ಈ ಜಾತಿಯ ಒಂದು ಗುಣ ಮಾತ್ರ ಒಪ್ಪಬೇಕು: ಕ್ಯಾಬಿನೆಟ್ಟೂ ಬೋರ್ಡೂ ಸಾಮಾನ್ಯ ಅಳತೆಯವು, ಏನನ್ನ ಬೇಕಾದ್ರೂ ಬದಲಿಸಬಹುದು. ಬದಲಿಸಬೇಕಾದ್ದು ಎಲ್ಲವೂ ಅನ್ನೋದು ಬೇರೆ ಮಾತು.

ಇಷ್ಟು ತೊಡಕಿದ್ರೂ ಆಫೀಸ್ ಡಬ್ಬದ ಪರ ಮಾತಾಡೋಕೆ ಈಗ ಒಂದು ಹೊಸ ಕಾರಣ ಹುಟ್ಟಿದೆ, ಅದು ರ‍್ಯಾಮ್ ಬೆಲೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನ ಬಾಚಿಕೊಳ್ತಿರೋದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಮನೆಬಳಕೆಯ ಕ್ರೂಶಿಯಲ್ ಬ್ರಾಂಡನ್ನೇ ಮುಚ್ತೀವಿ ಅಂತ ಮೈಕ್ರಾನ್ ಆ ಡಿಸೆಂಬರಿನಲ್ಲಿ ಹೇಳಿತು. ಮೊದಲು ಅಸೆಂಬಲ್ ಮಾಡಿಸೋವಾಗ ಕೊನೆಯ ಸಾಲಿನಲ್ಲಿ ಬರೆಯುತ್ತಿದ್ದ ಖರ್ಚು ಈಗ ಮೇಲಕ್ಕೆ ಬಂದು ಕೂತಿದೆ. ಒಳಗೆ 16 ಜಿಬಿ ಡಿಡಿಆರ್4 ಇಟ್ಟುಕೊಂಡೇ ಬರೋ ಡಬ್ಬಕ್ಕೆ ಇದರಿಂದ ತೂಕ ಬಂತು. ತಗೊಳ್ಳೋವಾಗ ಎಂಟೆಂಟು ಜಿಬಿಯ ಎರಡು ರ‍್ಯಾಮ್ ಕಡ್ಡಿ ಕೇಳಿ ಪಡೀರಿ. 2666 ವೇಗದ ಒಂದೇ ಕಡ್ಡಿ ಸೆಕೆಂಡಿಗೆ 21.3 ಜಿಬಿ ಸಾಗಿಸುತ್ತೆ, ಜೋಡಿ ಹಾಕಿದ್ರೆ 42.6. ಗೇಮಿನಲ್ಲಿ ಆಗಾಗ ಬರೋ ಜಗ್ಗಾಟ ಎಷ್ಟೋ ಕಡೆ ಇದೊಂದರಿಂದಲೇ ಇಳಿಯುತ್ತೆ. 3200ರ ಕಡ್ಡಿ ಹುಡುಕಿ ಜಾಸ್ತಿ ಕೊಡಬೇಡಿ, ಐ5-8500ರ ಆಫೀಸ್ ಬೋರ್ಡು ಅದನ್ನೂ 2666ಕ್ಕೇ ಇಳಿಸಿ ಓಡಿಸುತ್ತೆ.

ಅಂಗಡಿಯಲ್ಲಿ ಡಬ್ಬ ಆರಿಸೋವಾಗ ಅರ್ಧ ಗಂಟೆ ಕೊಡಿ. ಡೆಲ್ ಆದರೆ ಸರ್ವಿಸ್ ಟ್ಯಾಗನ್ನ ಅವರ ವೆಬ್‌ಸೈಟಿನಲ್ಲಿ ಹಾಕಿದ್ರೆ ಕಾರ್ಖಾನೆಯಿಂದ ಏನೇನು ಹೊತ್ತು ಬಂದಿತ್ತು ಅನ್ನೋದು ತಿಳಿಯುತ್ತೆ. ಬಯೋಸ್‌ಗೆ (ಆನ್ ಆಗ್ತಿದ್ದ ಹಾಗೆ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗಿಗೆ) ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದ್ರೆ ಅಲ್ಲೇ ತೆಗೆಸಿ, ಇಲ್ಲಾಂದ್ರೆ ಸೆಕ್ಯೂರ್ ಬೂಟ್ ಆನ್ ಮಾಡೋಕೂ ಆಗಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಎಸ್‌ಎಸ್‌ಡಿಯ ಆರೋಗ್ಯ, ಓಡಿದ ಗಂಟೆ ಎರಡೂ ನೋಡಿ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡೋ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ, ಪಕ್ಕದಲ್ಲಿ ಶಾಖ ತೋರಿಸೋ ಎಚ್‌ಡಬ್ಲ್ಯುಇನ್ಫೊ ತೆರೆದಿಡಿ. ಶಾಖ 100 ಡಿಗ್ರಿ ಮುಟ್ಟಿ ವೇಗ ಬಿದ್ದರೆ ಥರ್ಮಲ್ ಪೇಸ್ಟ್ ಒಣಗಿದೆ ಅಂತ ಅರ್ಥ. ಇದು ದೊಡ್ಡ ರೋಗವಲ್ಲ. ಹಳೆಯದನ್ನ ಒರೆಸಿ ಅವರೆಕಾಳಿಗಿಂತ ಚಿಕ್ಕ ತೊಟ್ಟು ಹೊಸ ಪೇಸ್ಟ್ ಇಟ್ಟರೆ ಆಯ್ತು, ಆದರೆ ಚೌಕಾಸಿಗೆ ಒಳ್ಳೆ ನೆಪ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಹೊಸ ಕಾರ್ಡಿನ ವಾರಂಟಿಗೆ ಮೈಸೂರಲ್ಲೇ ಕೊಟ್ಟರೆ ಆಗುತ್ತಾ, ಬೆಂಗಳೂರಿಗೆ ಹೊತ್ತೊಯ್ಯಬೇಕಾ ಅನ್ನೋದನ್ನ ಮೊದಲೇ ಕೇಳ್ಕೊಳ್ಳಿ. ಬಸ್ಸಿನಲ್ಲೋ ರೈಲಿನಲ್ಲೋ ಡಬ್ಬ ತರೋದಾದ್ರೆ ಕಾರ್ಡ್ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ತನ್ನಿ, ಕುಲುಕಾಟಕ್ಕೆ ಸ್ಲಾಟೇ ಸೀಳಿಹೋಗಬಹುದು.

ಕಾರ್ಡ್ ಕೂರಿಸೋದಕ್ಕೆ ಒಂದು ಕ್ರಮ ಇದೆ. ಮೊದಲು ಒಳಗಿನ ಗ್ರಾಫಿಕ್ಸ್‌ನಲ್ಲೇ ಬೂಟ್ ಮಾಡಿ ಬಯೋಸ್ ಅಪ್‌ಡೇಟ್ ಮುಗಿಸಿ. ವಿಂಡೋಸ್ ಹಳೇ ಲೆಗಸಿ ಪದ್ಧತಿಯಲ್ಲಿ ಇನ್‌ಸ್ಟಾಲ್ ಆಗಿದ್ರೆ ಡಿಸ್ಕು ಎಂಬಿಆರ್ ಅನ್ನೋ ಹಳೇ ವಿಂಗಡಣೆಯ ರೂಪದಲ್ಲಿರುತ್ತೆ. ವಿಂಡೋಸ್‌ನಲ್ಲೇ ಇರೋ ಎಂಬಿಆರ್‌ಟುಜಿಪಿಟಿ ಸಾಧನದಿಂದ ಅದನ್ನ ಹೊಸ ರೂಪವಾದ ಜಿಪಿಟಿ ಮಾಡಿಕೊಂಡು ಆಮೇಲೆ ಬಯೋಸ್‌ನಲ್ಲಿ ಯುಇಎಫ್‌ಐ (ಹೊಸ ಬೂಟ್ ಪದ್ಧತಿ), ಸೆಕ್ಯೂರ್ ಬೂಟ್ ಆನ್ ಮಾಡಿ. ಉಲ್ಟಾ ಮಾಡಿದ್ರೆ ಬೂಟ್ ಆಗಲ್ಲ. ಇದಾದ ಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡು ಒತ್ತಿ ಉಳಿದ ಚಾರ್ಜ್ ಇಳಿಸಿ, ಕಾರ್ಡನ್ನ 'ಟಕ್' ಅನ್ನೋವರೆಗೂ ಒತ್ತಿ, ಬ್ರಾಕೆಟ್ ಬಿಗಿ ಮಾಡಿ. ಪರದೆಯ ವೈರು ಇನ್ಮೇಲೆ ಕಾರ್ಡಿಗೆ. ಕಾರ್ಡ್ ಕಂಡ ಕೂಡಲೇ ಬೋರ್ಡಿನ ಪೋರ್ಟು ಸುಮ್ಮನಾಗೋದರಿಂದ 'ಡಿಸ್‌ಪ್ಲೇನೇ ಬರ್ತಿಲ್ಲ' ಅಂತ ಗಾಬರಿಯಾಗೋರು ಬಹಳ. ಮನೆಯಲ್ಲಿರೋದು ವಿಜಿಎ ಮಾತ್ರ ಇರೋ ಹಳೇ ಮಾನಿಟರ್ ಆದ್ರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸೋ ಕನ್ವರ್ಟರ್ ಬೇಕು, ಬರೀ ವೈರು ಸಾಲದು. 60 ಹರ್ಟ್ಸ್ ಪರದೆಯಾದ್ರೆ ಫ್ರೇಮನ್ನ 60ಕ್ಕೆ ಕಟ್ಟಿಹಾಕಿ. ಕಣ್ಣಿಗೆ ಹೆಚ್ಚೇನೂ ಕಳೆದುಕೊಳ್ಳಲ್ಲ, ಡಬ್ಬ ತಣ್ಣಗಿರುತ್ತೆ.

ನಮ್ಮ ಕಡೆಯ ಕರೆಂಟಿನ ಬಗ್ಗೆ ಹೇಳದೇ ಹೋದ್ರೆ ಈ ಬರಹ ಅರ್ಧವಾಗುತ್ತೆ. ಹೋಮ್ ಇನ್ವರ್ಟರಿಗೆ ಕಂಪ್ಯೂಟರ್ ಸಿಕ್ಕಿಸಿದ್ದೀರಾದ್ರೆ ಅದರ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗೋಕೆ ತಗೊಳ್ಳೋ ಸಮಯವನ್ನ ಎಸ್‌ಎಂಪಿಎಸ್ ತಡೆದುಕೊಳ್ಳಲ್ಲ. ಅದರೊಳಗಿನ ಕೆಪಾಸಿಟರ್ ಹಿಡಿದಿಡೋದು ಹದಿನೈದಿಪ್ಪತ್ತು ಮಿಲಿಸೆಕೆಂಡು ಮಾತ್ರ. ಮಂಡ್ಯದ ಹಳ್ಳಿಗಳ ಕಡೆ ಇನ್ನೊಂದು ದೂರು ಸಾಮಾನ್ಯ: ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಬರಿಗಾಲಲ್ಲಿ ನಿಂತು ಹಿಂಬದಿಯ ಸ್ಕ್ರೂ ಸವರಿದ್ರೆ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತೆ. ಬಹುಪಾಲು ಸಲ ಡಬ್ಬ ಕೆಟ್ಟಿರಲ್ಲ, ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇರಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ವೈರಿಗೆ ಬಿಡೋ ಚೂರು ಕರೆಂಟಿಗೆ ಹೋಗೋಕೆ ದಾರಿಯಿಲ್ಲದೆ ಕ್ಯಾಬಿನೆಟ್ ಸುಮಾರು ಅರ್ಧ ಮೇನ್ಸ್ ವೋಲ್ಟೇಜಿನಲ್ಲಿ ತೇಲುತ್ತೆ. ಆ ಸ್ಥಿತಿಯಲ್ಲಿ ಕೇಬಲ್ ಕನೆಕ್ಷನ್ ಇರೋ ಟಿವಿಗೆ ಎಚ್‌ಡಿಎಂಐ ಚುಚ್ಚಿದ್ರೆ ಪೋರ್ಟು ಸುಡೋದೂ ಉಂಟು. ಕಾರ್ಡಿಗೆ ದುಡ್ಡು ಹಾಕೋ ಮೊದಲು ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಮಾಡಿಸಿ.

ಆಲೆಮನೆ ಹತ್ತಿರದ ಊರುಗಳಲ್ಲಿ, ಗದ್ದೆಯಲ್ಲಿ ಕಬ್ಬಿನ ಸೋಗೆ ಸುಡೋ ಕಾಲದಲ್ಲಿ, ಹೀಟ್‌ಸಿಂಕಿನ ಸಂದಿಗೆ ಮಸಿ ಕೂತು ಅಂಟಾಗುತ್ತೆ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಹಿಡಿಯೋವಾಗ ಫ್ಯಾನಿನ ರೆಕ್ಕೆಯನ್ನ ಬೆರಳಲ್ಲಿ ತಡೆದಿಡಿ.

ಬಿಲ್ಲಿನ ಲೆಕ್ಕವನ್ನೂ ಮಾಡಿ. ಪರದೆ ಸೇರಿ 220 ವಾಟ್, ದಿನಕ್ಕೆ 4 ಗಂಟೆ, 30 ದಿನಕ್ಕೆ 26.4 ಯೂನಿಟ್. 350 ವಾಟ್ ಎಳೆಯೋ ದೊಡ್ಡ ಮಶೀನಾದ್ರೆ 42. ಗೃಹಜ್ಯೋತಿಯಲ್ಲಿ ಇರೋ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ತಿಂಗಳ ಬಳಕೆ 200 ಯೂನಿಟ್ ದಾಟಿದ್ರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್ ಪೂರ್ತಿ ಬಿಲ್ ಹಾಕುತ್ತೆ, ಆಗ ಮನೆಯಲ್ಲಿ ಪಿಸಿಯ ಮೇಲೆ ಕಣ್ಣು ಬೀಳೋದು ಖಚಿತ.

ಹಾಗಾದ್ರೆ ಯಾರು ತಗೋಬಹುದು? ವ್ಯಾಲೊರಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2), ಜಿಟಿಎ 5 ಮತ್ತು ನಾಲ್ಕೈದು ವರ್ಷ ಹಳೆಯ ದೊಡ್ಡ ಗೇಮ್‌ಗಳನ್ನ 1080ಪಿಯಲ್ಲಿ (ಫುಲ್ ಎಚ್‌ಡಿ) ಮಧ್ಯಮ ಸೆಟ್ಟಿಂಗಿನಲ್ಲಿ ಆಡಿ ತೃಪ್ತಿಪಡೋರು ಎಂಟನೇ ತಲೆಮಾರಿನ ಟವರ್, ಜೋಡಿ ರ‍್ಯಾಮ್, 3050 6 ಜಿಬಿ ಹಾಕಿಕೊಂಡು ಹಾಯಾಗಿರಬಹುದು. ಬಿಜಿಎಂಐ ಆಡೋಕೆ ಪಿಸಿ ಬೇಕು ಅನ್ನೋರು ದುಡ್ಡು ಉಳಿಸಿ, ಅದು ಮೊಬೈಲಿನ ಗೇಮು, ಪಿಸಿಗೆ ಅಧಿಕೃತವಾಗಿ ಇಲ್ಲ. ಹೊಸ ಗೇಮು ಬಂದ ವಾರವೇ ಹೈ ಸೆಟ್ಟಿಂಗಿನಲ್ಲಿ ಬೇಕು, ಇಲ್ಲವೇ ಮುಂದೆ ದೊಡ್ಡ ಕಾರ್ಡ್ ಹಾಕೇ ಹಾಕ್ತೀನಿ ಅನ್ನೋರು ಇವತ್ತೇ ಸಾಮಾನ್ಯ ಅಳತೆಯ ಕ್ಯಾಬಿನೆಟ್, ಹೆಸರಿರೋ ಕಂಪನಿಯ 550 ವಾಟಿನ ಎಸ್‌ಎಂಪಿಎಸ್, ರೈಜನ್ 5 5600 ಅಥವಾ ಐ5-12400ಎಫ್ ಪ್ರೊಸೆಸರ್ ಕಡೆ ಹೋಗಿ. ಕಾರ್ಡಿಗೆ ದುಡ್ಡು ಸಾಲದೇ ಹೋದ್ರೆ ಸೆಕೆಂಡ್ಸ್ ಆರ್‌ಎಕ್ಸ್ 6600 ಹಾಕಿ. 132 ವಾಟ್, ಒಂದೇ 8 ಪಿನ್ ಸಾಕು.

ಆಫೀಸ್ ಡಬ್ಬದಿಂದ ಮುಂದೆ ಅಲ್ಲಿಗೆ ಹಾರೋರಿಗೂ ಎಲ್ಲಾ ನಷ್ಟವಿಲ್ಲ. ಎಸ್‌ಎಸ್‌ಡಿ ಜೊತೆಗೆ ಬರುತ್ತೆ, ಕಾರ್ಡ್ ಬರುತ್ತೆ, ಡಿಡಿಆರ್4 ಕಡ್ಡಿ ರೈಜನ್ 5600ರ ಬೋರ್ಡಿಗೂ ಕೂರುತ್ತೆ, 2666ರ ವೇಗದಲ್ಲೇ ಓಡುತ್ತೆ ಅಷ್ಟೆ. ಹಿಂದೆ ಉಳಿಯೋದು ಬೋರ್ಡು, ಪ್ರೊಸೆಸರ್, ಎಸ್‌ಎಂಪಿಎಸ್, ಕ್ಯಾಬಿನೆಟ್. ಅದಕ್ಕೆ 8 ಜಿಬಿಯ ಒಂದು ಕಡ್ಡಿ, ಸಣ್ಣದೊಂದು ಎಸ್‌ಎಸ್‌ಡಿ ಹಾಕಿ, ಬಯೋಸನ್ನ ಡೀಫಾಲ್ಟಿಗೆ ತಂದು, ಝೆರಾಕ್ಸ್ ಅಂಗಡಿಗೋ ಸೈಬರ್ ಸೆಂಟರಿಗೋ ಕೊಡಿ. ಅವರಿಗೆ ಬೇಕಾದ್ದು ದಿನವಿಡೀ ನಿಲ್ಲದೆ ಓಡೋ ಮಶೀನು, ಅದನ್ನ ಇದು ಚೆನ್ನಾಗೇ ಮಾಡುತ್ತೆ.